ದಾರಿ ತಪ್ಪಿಸುವ ಹುಲ್ಲು

ಐರ್ಲೆಂಡಿನ ಹಳ್ಳಿಗಳಲ್ಲಿ ಒಂದು ನಂಬಿಕೆ ಇದೆ. ರಾತ್ರಿ ಹೊಲ ದಾಟುವಾಗ ಒಂದು ಥರದ ಹುಲ್ಲಿನ ಹೆಂಟೆ ತುಳಿದ್ರೆ ದಾರಿ ತಪ್ಪುತ್ತಂತೆ. ಚಿಕ್ಕಂದಿನಿಂದ ಓಡಾಡಿದ ಸ್ವಂತ ಹೊಲವೇ ಆಗಿದ್ರೂ ಬೆಳಗಾಗೋ ತನಕ ಅಲ್ಲೇ ಸುತ್ತಬೇಕು. ಕೋಟು ಬಿಚ್ಚಿ, ತಿರುವಿ ಹಾಕಿಕೊಂಡ್ರೆ ದಾರಿ ಸಿಗುತ್ತೆ. ಕೇಳೋಕೆ ತಮಾಷೆಯಾಗಿದೆ, ಅಲ್ವಾ? ಆದರೆ ಆ ಹುಲ್ಲು ಎಲ್ಲಿ ಬೆಳೆಯುತ್ತೆ ಅಂತ ಕೇಳಿದ್ರೆ ಕೆಲವರು ಹೇಳೋದು: ದೀಕ್ಷಾಸ್ನಾನ ಆಗದ ಕೂಸನ್ನು ಹೂತ ಜಾಗದಲ್ಲಿ.

ಹಿಂದೆ ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಮಗುವಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಇರಲಿಲ್ಲ. ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ‘ಲಿಂಬೋ’ಗೆ ಹೋಗುತ್ತೆ ಅಂತ ಕಲಿಸುತ್ತಿದ್ದರು. ಹಾಗಾಗಿ ಅಪ್ಪನೋ ಚಿಕ್ಕಪ್ಪನೋ ಕತ್ತಲಾದ ಮೇಲೆ ಮಗುವನ್ನು ಎತ್ತಿಕೊಂಡು ಹೋಗಿ ಹೂತು ಬರ್ತಿದ್ದರು. ತಾಯಿ ಸಾಮಾನ್ಯವಾಗಿ ಹೋಗ್ತಿರಲಿಲ್ಲ. ಗುರುತಿಗೆ ಹೊಲದ್ದೇ ಒಂದು ಕಲ್ಲು, ಕೆಲವು ಕಡೆ ನಾಲ್ಕು ಬಿಳಿ ಬೆಣಚುಕಲ್ಲು. ಹೆಸರಿಲ್ಲ. ಇಂಥ ಜಾಗಕ್ಕೆ ಐರಿಷ್‌ನಲ್ಲಿ ‘ಕಿಲೀನ್’ ಅಂತಾರೆ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಇವೆ. 20ನೇ ಶತಮಾನದ ಮಧ್ಯದಲ್ಲೂ ಕೆಲವು ಬಳಕೆಯಲ್ಲಿದ್ದವು.

ಎಷ್ಟೋ ಕಿಲೀನ್‌ಗಳು ಇರೋದು ಹಳೇ ಮಣ್ಣಿನ ಕೋಟೆಗಳ ಒಳಗೆ. ಕೋಟೆ ಅಂದ್ರೆ ಸಾವಿರ ವರ್ಷಕ್ಕೂ ಹಿಂದೆ ರೈತರು ಮನೆ ಸುತ್ತ ಎಬ್ಬಿಸಿದ ದುಂಡನೆಯ ದಿಣ್ಣೆ, ಅಷ್ಟೇ. ಆದರೆ ಜನ ಅದನ್ನು ಫೇರಿಗಳ ಮನೆ ಅಂದರು. ಅಲ್ಲಿನ ಮರ ಕಡಿದ್ರೆ ದನ ಸಾಯುತ್ತೆ, ಉಳುಮೆ ಮಾಡಿದ್ರೆ ಮನೆಗೆ ಕೇಡು. ಇಂಥವು ಸುಮಾರು 45,000 ಇವತ್ತಿಗೂ ಉಳಿದಿರೋದರಲ್ಲಿ ಈ ಭಯದ ಪಾಲು ದೊಡ್ಡದು. ಬಹುಪಾಲು ಕೋಟೆಗಳಿಗೆ ಕಾನೂನಿನ ರಕ್ಷಣೆ ಬಂದಿದ್ದು 1930ರ ನಂತರವೇ. ಅಲ್ಲಿಯವರೆಗೆ ಕಾವಲು ಕಾದಿದ್ದು ಕಥೆಗಳೇ, ಅವುಗಳ ಜೊತೆಗೆ ಆ ಮಕ್ಕಳ ಗೋರಿಗಳೂ ಉಳಿದವು.

ಹಾಗಂತ ಈ ಕಥೆಗಳನ್ನು ಸುಮ್ಮನೆ ಹೊಗಳೋಕೆ ನನಗೆ ಮನಸ್ಸು ಬರಲ್ಲ. 1937ರಿಂದ 1939ರ ತನಕ ಸರ್ಕಾರ ಶಾಲಾ ಮಕ್ಕಳ ಕೈಲಿ ಅಜ್ಜ ಅಜ್ಜಿಯರ ಕಥೆ ಬರೆಸಿತು. ಸುಮಾರು 50,000 ಮಕ್ಕಳು ಬರೆದರು, ಈಗ ಅದು ಆನ್‌ಲೈನ್‌ನಲ್ಲಿ ಸಿಗುತ್ತೆ. ಅದರಲ್ಲಿ ಕೋಟೆ, ದೀಪ, ರಾತ್ರಿ ಕೇಳಿಸೋ ಸಂಗೀತ ಬೇಕಾದಷ್ಟಿದೆ. ತಮ್ಮದೇ ಮನೆಯ ಮಗುವನ್ನು ಅಲ್ಲಿ ಬಿಟ್ಟು ಬಂದ ಅಜ್ಜಿಯರು ಆ ಮಾತನ್ನು ಮೊಮ್ಮಕ್ಕಳಿಗೆ ಹೇಗೆ ಬರೆಸ್ತಾರೆ, ಹೇಳಿ?

2007ರಲ್ಲಿ ವ್ಯಾಟಿಕನ್‌ನ ಧರ್ಮಶಾಸ್ತ್ರಜ್ಞರ ಆಯೋಗ, ಇಂಥ ಮಕ್ಕಳಿಗೂ ಮುಕ್ತಿ ಸಿಗುತ್ತೆ ಅಂತ ಆಶಿಸಲು ಬಲವಾದ ಕಾರಣಗಳಿವೆ ಅಂದಿತು. ಈಗ ಹಲವು ಊರಿನವರು ಮುಳ್ಳು ಸವರಿ, ಪಾದ್ರಿಯನ್ನು ಕರೆಸಿ ಪ್ರಾರ್ಥನೆ ಮಾಡಿಸಿ, ಸ್ಮಾರಕದ ಕಲ್ಲು ನಿಲ್ಲಿಸಿದ್ದಾರೆ. ಅಂಥ ಪ್ರಾರ್ಥನೆಗೆ ಆ ಮಕ್ಕಳ ಅಕ್ಕ ತಮ್ಮಂದಿರೂ ಬರ್ತಾರೆ, ವಯಸ್ಸಾದವರು.