ಗಲ್ಲಾಪೆಟ್ಟಿಗೆಯ ಆಚೆ: ಗಿರೀಶ್ ಕಾಸರವಳ್ಳಿ

ಚಿತ್ರ ನಿರ್ದೇಶಕ ಗಿರೀಶ್ ಕಾಸರವಳ್ಳಿ ಹುಟ್ಟಿದ್ದು 1950ರ ಡಿಸೆಂಬರ್ 3ರಂದು, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ರಂಗಸಂಸ್ಥೆ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಕಾಸರವಳ್ಳಿಯವರ ಸೋದರಮಾವ. ಮಣಿಪಾಲದಲ್ಲಿ ಬಿ.ಫಾರ್ಮಾ ಮುಗಿಸಿದ ಯುವಕ ಔಷಧದ ಉದ್ಯೋಗ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಅದೇ ವರ್ಷ ಬಂದ ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿದ್ದರು.

ಸ್ವತಂತ್ರ ನಿರ್ದೇಶಕ ಎಂಬ ಮಾತು ಕೇಳಲು ಚೆಂದ. ಲೆಕ್ಕದ ಪುಸ್ತಕ ತೆರೆದರೆ ಅವನೂ ಯಾರನ್ನೋ ನೆಚ್ಚಿಕೊಂಡವನೇ. ಕಾಸರವಳ್ಳಿ ನೆಚ್ಚಿದ್ದು ಕನ್ನಡ ಚಿತ್ರೋದ್ಯಮದ ಕೇಂದ್ರವಾದ ಗಾಂಧಿನಗರದ ವಿತರಕರನ್ನಲ್ಲ ಎಂಬುದಷ್ಟೇ ವ್ಯತ್ಯಾಸ. ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ (1977) ಬಂಡವಾಳ ಹಾಕಿದ ಸದಾನಂದ ಸುವರ್ಣ ಮುಂಬೈ ಕನ್ನಡಿಗರ ನಡುವೆ ನಾಟಕ ಆಡಿಸುತ್ತಿದ್ದವರು. ಕಥೆ ಯು.ಆರ್. ಅನಂತಮೂರ್ತಿಯವರದು, ಕ್ಯಾಮೆರಾ ಎಸ್. ರಾಮಚಂದ್ರ ಅವರದು, ಸಂಗೀತ ಕಾರಂತರದು. ಗರ್ಭಿಣಿಯಾದ ವಿಧವೆ ಯಮುನಾಳನ್ನು ಹೆತ್ತ ತಂದೆಯೇ ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಹಾಕುವುದನ್ನು ವೇದಪಾಠಶಾಲೆಯ ಪುಟ್ಟ ಹುಡುಗ ನಾಣಿ ಕಾಣುತ್ತಾನೆ. ಅರ್ಥವಾಗದ್ದನ್ನು ನೋಡುವ ಆ ಕಣ್ಣಿನ ಎತ್ತರದಲ್ಲೇ ಕಪ್ಪುಬಿಳುಪಿನ ಚಿತ್ರ ಸಾಗುತ್ತದೆ; ತೀರ್ಪು ಹೇಳುವ ಮಾತು ಯಾರ ಬಾಯಲ್ಲೂ ಇಲ್ಲ. ‘ಸಂಸ್ಕಾರ’, ‘ಚೋಮನ ದುಡಿ’ಗಳ ನಂತರ ಕನ್ನಡಕ್ಕೆ ದೇಶದ ಶ್ರೇಷ್ಠ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ತಂದದ್ದು ಇದೇ. ಆಗ ನಿರ್ದೇಶಕರಿಗೆ ಮೂವತ್ತೂ ತುಂಬಿರಲಿಲ್ಲ.

ಇಂಥ ಚಿತ್ರಕ್ಕೆ ದುಡ್ಡಿನಷ್ಟೇ ನೋಡುಗರೂ ಬೇಕು. ಬೆಂಗಳೂರಿನಲ್ಲಿ ಆ ನೋಡುಗರನ್ನು ತಯಾರು ಮಾಡಿದ ಸಂಸ್ಥೆಗಳಲ್ಲಿ 1971ರಲ್ಲಿ ಶುರುವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಮುಖ್ಯವಾದದ್ದು. ಬನಶಂಕರಿ ಎರಡನೇ ಹಂತದಲ್ಲಿ ಅದು ಸ್ವಂತ ಸಭಾಂಗಣವನ್ನೇ ಕಟ್ಟಿಕೊಂಡಿತು. ದೇಶದ ಫಿಲ್ಮ್ ಸೊಸೈಟಿಗಳಲ್ಲಿ ಇದು ಅಪರೂಪ. ಜಯನಗರ, ಬನಶಂಕರಿಯ ನೌಕರರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಥಿಯೇಟರಿಗೆ ಬಾರದ ದೇಶವಿದೇಶಗಳ ಚಿತ್ರಗಳನ್ನು ಕಂಡದ್ದು ಅಲ್ಲಿ. ಹೊಸ ಅಲೆಯ ಕನ್ನಡ ಚಿತ್ರಗಳ ಮೇಲೆ ಚರ್ಚೆ ನಡೆದದ್ದೂ ಅಲ್ಲೇ.

‘ಆಕ್ರಮಣ’, ‘ಮೂರು ದಾರಿಗಳು’ ಆದ ಮೇಲೆ ಕೆಲವು ವರ್ಷ ಕಾಸರವಳ್ಳಿಯವರ ಚಿತ್ರ ಬರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯ ‘ತಬರನ ಕಥೆ’ಯನ್ನು ತಾವೇ ನಿರ್ಮಿಸಿದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಜವಾನ ತಬರನಾಗಿ ಚಾರುಹಾಸನ್ ರಾಷ್ಟ್ರಪ್ರಶಸ್ತಿ ಪಡೆದರು, ಚಿತ್ರಕ್ಕೆ ಮತ್ತೊಂದು ಸ್ವರ್ಣಕಮಲ ಬಂತು. ಮಲೆನಾಡಿನ ಕಥೆಗಾರ ಎಂದು ಅವರನ್ನು ಕರೆಯುವವರು ‘ಮನೆ’ಯನ್ನು ಮರೆಯುತ್ತಾರೆ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ನಟಿಸಿದ ಆ ಚಿತ್ರದಲ್ಲಿ ನಗರಕ್ಕೆ ಬಂದ ದಂಪತಿ ಬಾಡಿಗೆ ಮನೆ ಹಿಡಿಯುತ್ತಾರೆ. ಪಕ್ಕದ ಶೆಡ್ಡಿನ ಸದ್ದು ಅವರ ನಿದ್ದೆ ಕೆಡಿಸುತ್ತದೆ. ಆ ಸದ್ದನ್ನು ಅಡಗಿಸಲು ಅವರು ಪೊಲೀಸರ ವಶೀಲಿ ಹುಡುಕುವಲ್ಲಿಗೆ ಕಥೆ ಕಹಿಯಾಗುತ್ತದೆ. ಸೈಟು, ಬಾಡಿಗೆ, ಬಡಾವಣೆಗಳ ಬೆಂಗಳೂರಿಗೆ ಇದಕ್ಕಿಂತ ಹತ್ತಿರದ ಚಿತ್ರ ಕನ್ನಡದಲ್ಲಿ ಕಡಿಮೆ.

ಮುಂದಿನ ಎರಡು ಸ್ವರ್ಣಕಮಲಗಳ ಹಿಂದೆ ಇದ್ದವರು ಇಬ್ಬರು ಜನಪ್ರಿಯ ನಟಿಯರು. ‘ತಾಯಿ ಸಾಹೇಬ’ವನ್ನು (1997) ಜಯಮಾಲಾ, ನಾ. ಡಿಸೋಜರ ಕಾದಂಬರಿಯ ‘ದ್ವೀಪ’ವನ್ನು (2002) ಸೌಂದರ್ಯ ನಿರ್ಮಿಸಿ ತಾವೇ ನಟಿಸಿದರು. ಮಾರುಕಟ್ಟೆಯಲ್ಲಿ ಗಳಿಸಿದ ಹಣ ಮಾರುಕಟ್ಟೆಯ ಹೊರಗಿನ ಚಿತ್ರಕ್ಕೆ ಹರಿದದ್ದು ಹೀಗೆ. ಬಾನು ಮುಷ್ತಾಕ್ ಕಥೆಯ ‘ಹಸೀನಾ’ದಲ್ಲಿ ತಾರಾ, ವೈದೇಹಿ ಕಥೆಯ ‘ಗುಲಾಬಿ ಟಾಕೀಸ್’ನಲ್ಲಿ ಉಮಾಶ್ರೀ ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. 2011ರಲ್ಲಿ ಕಾಸರವಳ್ಳಿಯವರಿಗೆ ಪದ್ಮಶ್ರೀ ಬಂತು. ಅದೇ ವರ್ಷದ ‘ಕೂರ್ಮಾವತಾರ’ ಮತ್ತೆ ಊರು ಬಿಟ್ಟು ನಗರಕ್ಕೆ ಬಂದಿತು: ನಿವೃತ್ತಿಯ ಅಂಚಿನ ಗುಮಾಸ್ತ ಟಿವಿ ಧಾರಾವಾಹಿಯಲ್ಲಿ ಗಾಂಧಿಯಾಗುತ್ತಾನೆ, ಜನ ಅವನನ್ನು ಪಾತ್ರದಿಂದ ಇಳಿಯಲು ಬಿಡುವುದಿಲ್ಲ.

ಜಯಂತ ಕಾಯ್ಕಿಣಿಯವರ ಕಥೆಯ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ 2020ರಲ್ಲಿ ಬಂತು. 2024ರಲ್ಲಿ, ನಾಲ್ಕೂವರೆ ದಶಕ ಕಳೆದ ಮೇಲೆ, ಹೊಸದಾಗಿ ಸಂಸ್ಕರಿಸಿದ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆ ಕಂಡಿತು. ಅದಕ್ಕೆ ಮೊದಲು ದುಡ್ಡು ಹಾಕಿದ್ದ ಸದಾನಂದ ಸುವರ್ಣ ಅದೇ ವರ್ಷದ ಜುಲೈನಲ್ಲಿ ತೀರಿಕೊಂಡಿದ್ದರು.