ಫೈಬರ್ ದೋಣಿಯೊಳಗಿನ ಮರ

ಕಿದ್ವಾಯಿ ನಗರದಲ್ಲಿ ಕುಳಿತು ದೋಣಿಯ ಚರಿತ್ರೆ ಬರೆಯುವುದು ವಿಚಿತ್ರವೆನಿಸೀತು. ಆದರೆ ಈ ಬಡಾವಣೆಗೆ ಹೆಸರು ಕೊಟ್ಟ ರಫಿ ಅಹ್ಮದ್ ಕಿದ್ವಾಯಿಯವರು 1952ರಿಂದ 1954ರಲ್ಲಿ ತೀರಿಕೊಳ್ಳುವವರೆಗೆ ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದರು. ಮೀನುಗಾರಿಕೆಯೂ ಆಗ ಆ ಖಾತೆಗೇ ಸೇರಿತ್ತು. ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಗಳ ನಡುವೆ ಇಂಡೋ-ನಾರ್ವೇಜಿಯನ್ ಯೋಜನೆಯ ಒಪ್ಪಂದವಾದದ್ದೂ 1952ರಲ್ಲಿಯೇ. ಕೊಲ್ಲಂ ಸಮೀಪದ ನೀಂಡಕರದಲ್ಲಿ ಮೊದಲ್ಗೊಂಡ ಆ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. ನಮ್ಮ ಕರಾವಳಿಯ ದೋಣಿಗಳು ಯಂತ್ರದ ಕಡೆಗೆ ಮುಖಮಾಡಿದ್ದರ ಒಂದು ಎಳೆ ಅಲ್ಲಿದೆ. ನಡೆದೇ ಹೋಗಬಹುದಾದಷ್ಟು ಹತ್ತಿರದ ಐ.ಎನ್.ಎ. ಮಾರುಕಟ್ಟೆಯಲ್ಲಿ ಬಂಗುಡೆ, ಅಂಜಲುಗಳ ಮುಂದೆ ನಿಂತಾಗಲೆಲ್ಲ ನಾವು ಬೆಲೆಯನ್ನು ವಿಚಾರಿಸುತ್ತೇವೆಯೇ ಹೊರತು, ಅವನ್ನು ತಂದ ದೋಣಿಯನ್ನು ನೆನೆಯುವುದಿಲ್ಲ.

ಆ ದೋಣಿ ಎರಡು ತಲೆಮಾರುಗಳ ಅವಧಿಯಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ರಂಪಣಿ ಬಲೆಯ ಕಾಲದ ದೊಡ್ಡ ದೋಣಿಗಳ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸುತ್ತಿರಲಿಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹೊನ್ನಾವರದಲ್ಲಿ ತಂಗಿದ್ದ ಇಬ್ನ್ ಬತೂತನು ಭಾರತದ ಹಡಗುಗಳನ್ನು ನಾರಿನ ಹಗ್ಗದಿಂದ ಹೊಲಿಯುವುದನ್ನು ಹದಿನಾಲ್ಕನೆಯ ಶತಮಾನದಲ್ಲಿಯೇ ದಾಖಲಿಸಿದ್ದಾನೆ. ಹೊಲಿದ ದೋಣಿ ದಡದ ಅಲೆಗೆ ಬಡಿದಾಗ ಒಡೆಯದೆ ಕೊಂಚ ಬಾಗಿಕೊಡುತ್ತದೆ. ಆ ಹೊಲಿಗೆಗೆ ಇನ್ನೊಂದು ಗುಣವೂ ಇತ್ತು: ಅದು ಕಣ್ಣಿಗೆ ಕಾಣುತ್ತಿತ್ತು. ಹುರಿ ಸವೆದರೆ ಬಿಚ್ಚಿ ಮತ್ತೆ ಹೊಲಿಯುವುದು, ಹಲಗೆ ಕೆಟ್ಟರೆ ಆ ಹಲಗೆಯನ್ನಷ್ಟೇ ಬದಲಿಸುವುದು, ಮೀನೆಣ್ಣೆ ಇಲ್ಲವೇ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು, ಇವೆಲ್ಲ ಕಾಲಕಾಲಕ್ಕೆ ನಡೆಯಲೇಬೇಕಾದ ಕೆಲಸಗಳಾಗಿದ್ದವು. (2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರ್ಪಡೆಯಾದ ಹೊಲಿಗೆಯ ಹಡಗು ‘ಕೌಂಡಿನ್ಯ’ದ ಸುದ್ದಿಯನ್ನು ನಮ್ಮ ಓದುಗರು ಗಮನಿಸಿರಬಹುದು.)

1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಬಂದು ರಂಪಣಿ ಹಿಂದೆ ಸರಿಯಿತು. ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ನು ಬಂತು. ಮಾವು, ಹೆಬ್ಬಲಸಿನ ದೊಡ್ಡ ದಿಮ್ಮಿಗಳು ದುರ್ಲಭವೂ ದುಬಾರಿಯೂ ಆದಂತೆ ಮರದ ಜಾಗಕ್ಕೆ ಫೈಬರ್ ಬಂತು. ಗಾಜಿನ ನಾರನ್ನು ರಾಳದಲ್ಲಿ ತೋಯಿಸಿ ಅಚ್ಚಿನಲ್ಲಿ ದೋಣಿ ಎರೆಯುವ ವಿದ್ಯೆ 1940ರ ದಶಕದ ಅಮೆರಿಕದ್ದು. ಹಗುರ, ಹುಳು ಹಿಡಿಯದು, ಎಣ್ಣೆ ಬೇಡ, ಕೊಳೆಯದು ಎಂಬುದು ಅದರ ಖ್ಯಾತಿ.

ಕೊಳೆಯದು ಎಂಬ ಮಾತು ಅರ್ಧಸತ್ಯ ಮಾತ್ರ. ನಮ್ಮ ಹಳೆಯ ದೋಣಿಗಳಲ್ಲಿ ಬಹುಪಾಲು ಎರಡೂ ತುದಿಗಳಲ್ಲಿ ಚೂಪಾಗಿದ್ದವು. ಎಂಜಿನ್ನನ್ನು ಬಿಗಿಯಲು ಹಿಂಬದಿಯಲ್ಲಿ ಚಪ್ಪಟೆಯಾದ ಹಲಗೆಯೊಂದು ಬೇಕಾಯಿತು, ಅದೇ ಟ್ರಾನ್ಸಮ್. ಎಂಜಿನ್ನಿನ ಭಾರವನ್ನೂ ನೂಕುವಿಕೆಯನ್ನೂ ಬರಿಯ ಫೈಬರ್ ತಾಳಲಾರದೆಂದು ಅದರ ನಡುವೆ ಪ್ಲೈವುಡ್ ಇಟ್ಟು ಎರಡೂ ಕಡೆ ಗಾಜುನಾರಿನ ಪದರ ಹೊದಿಸುವುದು ರೂಢಿ. ತಳ ಬಾಗದಂತೆ ಉದ್ದಕ್ಕೂ ಹಾಯುವ ಸ್ಟ್ರಿಂಗರ್ ಎಂಬ ತೊಲೆಗಳೊಳಗೂ ಅನೇಕ ವೇಳೆ ಮರವೇ ಇರುತ್ತದೆ. ಮರ ಹೋಗಲಿಲ್ಲ, ಒಳಗೆ ಅವಿತುಕೊಂಡಿತು, ಅಷ್ಟೆ. ಎಂಜಿನ್ನಿನ ಬೋಲ್ಟಿನ ತೂತಿನಿಂದ, ತಳದ ನೀರು ಹರಿಯಲೆಂದು ತೊಲೆಯಲ್ಲಿ ಕೊರೆದು ರಾಳ ಬಳಿಯದೆ ಬಿಟ್ಟ ಕಿಂಡಿಯಿಂದ ನೀರು ಒಳನುಗ್ಗುತ್ತದೆ. ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ಹೊರಗೆ ಬಣ್ಣ ಮಿನುಗುತ್ತಿರುವಾಗಲೇ ಒಳಗಿನ ಪ್ಲೈವುಡ್ ಒದ್ದೆ ರೊಟ್ಟಿಯಂತಾಗಿರುತ್ತದೆ. 2004ರ ಸುನಾಮಿಯ ಬಳಿಕ ಪೂರ್ವ ಕರಾವಳಿಯಲ್ಲಿ ತರಾತುರಿಯಿಂದ ತಯಾರಾದ ಫೈಬರ್ ದೋಣಿಗಳ ಗುಣಮಟ್ಟದ ಬಗೆಗೆ ಆಗಲೇ ಆಕ್ಷೇಪಗಳೆದ್ದಿದ್ದವು.

ಅದನ್ನು ಪತ್ತೆಮಾಡುವ ಉಪಾಯ ಸರಳ. ಸುತ್ತಿಗೆಯ ಹಿಡಿಯಿಂದ ಹಿಂಬದಿಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗಬೇಕು: ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಹಲಸಿನ ಹಣ್ಣು ತಟ್ಟಿ ನೋಡಿ ಬೆಳೆದವರಿಗೆ ಈ ವಿದ್ಯೆಯನ್ನು ಕಲಿಸಬೇಕಾಗಿಲ್ಲ.

ಮರುನಿರ್ಮಾಣ ಮಾತ್ರ ತಾಳ್ಮೆಯ ಕೆಲಸ. ಮೊದಲು ದೋಣಿಯನ್ನು ಅನೇಕ ಕಡೆ ಆಧಾರ ಕೊಟ್ಟು ಸಮವಾಗಿ ಕೂರಿಸಬೇಕು. ಇಲ್ಲವಾದರೆ ತೊಲೆ ತೆಗೆದೊಡನೆ ತಳ ಸೊಟ್ಟಗಾಗಿ, ಹೊಸ ತೊಲೆ ಆ ಸೊಟ್ಟವನ್ನೇ ಶಾಶ್ವತಗೊಳಿಸುತ್ತದೆ. ಅದಕ್ಕಾಗಿಯೇ ತೊಲೆಗಳನ್ನು ಒಂದೊಂದಾಗಿ ಬದಲಿಸುವುದು. ಟ್ರಾನ್ಸಮ್ಮಿನ ಒಳಪದರವನ್ನು ಕತ್ತರಿಸಿ, ಕೊಳೆತದ್ದನ್ನು ಉಳಿಯಿಂದ ಕೆರೆದು ತೆಗೆದು, ಹೊರಪದರವನ್ನು ಅಚ್ಚಿನಂತೆ ಉಳಿಸಿಕೊಳ್ಳಬೇಕು. ಅದು ಪೂರಾ ಒಣಗಬೇಕು. ಇಲ್ಲಿ ಆತುರಪಟ್ಟರೆ ಉಳಿದದ್ದೆಲ್ಲ ವ್ಯರ್ಥ. ರಟ್ಟಿನಲ್ಲಿ ಅಳತೆ ತೆಗೆದು, ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡನ್ನು ಕೊಯ್ದು, ಅಂಚುಗಳಿಗೆ ರಾಳ ಕುಡಿಸಿ, ಒತ್ತಿ ಬಿಗಿಯಬೇಕು. ಗಾಜುನಾರು ಚೂಪು ಮೂಲೆಯಲ್ಲಿ ಮಡಚಿ ಕೂರದಾದ್ದರಿಂದ ಮೂಲೆಗಳನ್ನು ಗಟ್ಟಿ ಮಾಡಿದ ರಾಳದ ಮುದ್ದೆಯಿಂದ ದುಂಡಾಗಿಸಿ, ಪದರಗಳನ್ನು ದೋಣಿಯ ಪಕ್ಕಗಳವರೆಗೂ ಹಾಯಿಸಬೇಕು. ಬೋಲ್ಟಿನ ತೂತನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿಯಿಂದ ತುಂಬಿ, ಒಣಗಿದ ಮೇಲೆ ಅದರ ನಡುವೆ ಮತ್ತೆ ಕೊರೆದರೆ ಮುಂದೆ ನೀರು ಮರವನ್ನು ಮುಟ್ಟದು. ಅರ್ಧ ದಿನದ ಈ ಕೆಲಸವನ್ನು ಮೊದಲ ಸಲವೇ ಮಾಡಿದ್ದರೆ ಎಷ್ಟೋ ದೋಣಿಗಳು ಕೊಳೆಯುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕಾಲದ ಲೆಕ್ಕಾಚಾರವೂ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ದೊಡ್ಡ ಯಾಂತ್ರೀಕೃತ ದೋಣಿಗಳು ದಡದಲ್ಲಿರುತ್ತವೆ, ಅವುಗಳ ದುರಸ್ತಿಗೆ ಬಿಡುವು ದೊರೆಯುತ್ತದೆ. ನಾಡದೋಣಿಗಳಿಗಾದರೋ ಆ ಮಳೆಗಾಲವೇ ಸುಗ್ಗಿ. ಮಳೆಯ ತೇವದಲ್ಲಿ ರಾಳ ಸರಿಯಾಗಿ ಕಚ್ಚುವುದೂ ಇಲ್ಲ. ಆದುದರಿಂದ ನಾಡದೋಣಿಯವರು ಬಿಸಿಲಿರುವಾಗಲೇ, ಮೇ ಮುಗಿಯುವುದರೊಳಗೆ, ನಿರ್ಧರಿಸಬೇಕು: ಕೈಯಲ್ಲಿರುವ ಹಣದಲ್ಲಿ ಹಿಂಬದಿಯನ್ನು ಬಿಚ್ಚಿಸುವುದೋ, ಮೇಲೆ ಇನ್ನೊಂದು ಪದರ ಬಳಿದು ಈ ಮಳೆಗಾಲ ದಾಟಿಸುವುದೋ. ಅಳಿವೆಯ ಬಾಯಲ್ಲಿ ಅಲೆ ಎದ್ದು ನಿಂತಾಗ ಟ್ರಾನ್ಸಮ್ ಸೀಳಿ ಎಂಜಿನ್ನು ಕಳಚಿದರೆ, ಹೋಗುವುದು ಎಂಜಿನ್ನೊಂದೇ ಅಲ್ಲ. ನೂಕುವ ಬಲ ತಪ್ಪಿದ ದೋಣಿ ಅಲೆಗೆ ಅಡ್ಡವಾಗಿ ತಿರುಗುತ್ತದೆ, ಅದರಲ್ಲಿ ಜನರಿರುತ್ತಾರೆ.

ಬೇಸಿಗೆಯ ರಜೆಗೆಂದು ಊರಿಗೆ ಹೋಗುವ ನಮ್ಮವರು ಗಂಗೊಳ್ಳಿಯಲ್ಲೋ ಮಲ್ಪೆಯಲ್ಲೋ ಬೆಳಗಿನ ಹೊತ್ತು ದಡದಲ್ಲಿ ನಡೆಯುವಾಗ, ಮಗುಚಿ ಹಾಕಿದ ದೋಣಿಯ ಹಿಂದೆ ಯಾರಾದರೂ ಕಿವಿಯಿಟ್ಟು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಿದ್ದರೆ, ಮಾತನಾಡಿಸುವ ಮುನ್ನ ತುಸು ಕಾಯಿರಿ. ಆ ಸದ್ದನ್ನು ಅವರು ಪೂರ್ತಿ ಕೇಳಿಸಿಕೊಳ್ಳಲಿ.