ಕಡಲಾಚೆಯ ಸೇವಕನೂ ಒಡೆಯನ ಅಚೌರ್ಯವೂ

ಶ್ರಾವಕನ ಗುಣವ್ರತಗಳಲ್ಲಿ ದೇಶವ್ರತವೆಂಬುದೊಂದುಂಟು. ಇಂತಿಷ್ಟು ಕಾಲದವರೆಗೆ ಇಂತಿಷ್ಟೇ ಎಲ್ಲೆಯೊಳಗೆ ವ್ಯವಹರಿಸುವೆನೆಂದು ಗೃಹಸ್ಥನು ತನಗೆ ತಾನೇ ವಿಧಿಸಿಕೊಳ್ಳುವ ಕಟ್ಟು ಅದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಒಂದರ ಹೆಸರು ಪ್ರೇಷ್ಯಪ್ರಯೋಗ. ತಾನು ಎಲ್ಲೆಯೊಳಗೇ ಕುಳಿತು, ಆಳನ್ನು ಎಲ್ಲೆಯಾಚೆಗೆ ನಿಯೋಜಿಸಿ, ತನ್ನ ಕಾರ್ಯವನ್ನು ಸಾಧಿಸಿಕೊಳ್ಳುವುದೇ ಈ ದೋಷ. ಒಡೆಯನ ಕಾಲು ಗಡಿ ದಾಟಲಿಲ್ಲ, ನಿಜ. ಅವನ ಇಚ್ಛೆ ದಾಟಿತು. ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು - ಕೃತ, ಕಾರಿತ, ಅನುಮೋದಿತ - ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧರ್ಮಕ್ಕೆ ಇದು ಸಹಜವಾದ ವಿವೇಚನೆ.

ಇಂದು ಈ ವಿವೇಚನೆಗೆ ಹೊಸ ಪ್ರಸಕ್ತಿ ಬಂದಿದೆ. ಹೊರದೇಶದ ಕಂಪನಿಗಳಿಗಾಗಿ ಬೆಂಗಳೂರಿನ ಮನೆಗಳಲ್ಲಿ ಕುಳಿತು ದುಡಿಯುವ ತರುಣರಿದ್ದಾರೆ. ಇಲ್ಲಿ ಅಂಗಡಿಯಿಟ್ಟು ದುಬೈಯಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಿಕೊಂಡ ವರ್ತಕರೂ ನಮ್ಮಲ್ಲಿದ್ದಾರೆ. ಒಡೆಯನೊಂದು ದೇಶದಲ್ಲಿ, ಸೇವಕನಿನ್ನೊಂದು ದೇಶದಲ್ಲಿ ಇರುವಾಗ ಸಂಬಳ ಎಷ್ಟು, ಹೇಗೆ, ಯಾವ ನಾಡಿನ ಕಟ್ಟಳೆಗೆ ಅನುಸಾರವಾಗಿ ಎಂಬ ಪ್ರಶ್ನೆಯನ್ನು ಕೇವಲ ಲೆಕ್ಕಪತ್ರದ ಪ್ರಶ್ನೆಯೆಂದು ಭಾವಿಸುವವರು ಒಮ್ಮೆ ಈಸ್ಟ್ ಇಂಡಿಯಾ ಕಂಪನಿಯ ಇತಿಹಾಸವನ್ನು ನೌಕರರ ವೇತನದ ದೃಷ್ಟಿಯಿಂದ ಓದಬೇಕು.

1600ರ ಡಿಸೆಂಬರ್ 31ರಂದು ಸನ್ನದು ಪಡೆದ ಆ ಕಂಪನಿಯ ಒಡೆಯರು ಲಂಡನ್ನಿನಲ್ಲಿದ್ದರು. ನೌಕರರು ಸೂರತ್, ಮದ್ರಾಸು, ಬಂಗಾಳಗಳ ಕೋಠಿಗಳಲ್ಲಿದ್ದರು. ಹಡಗಿನಲ್ಲಿ ಹೋದ ಪತ್ರಕ್ಕೆ ಉತ್ತರ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಆದ್ದರಿಂದ ಒಡೆಯರು ನೌಕರರಿಂದ ಕರಾರುಪತ್ರ ಬರೆಸಿಕೊಂಡರು, ಜಾಮೀನು ಪಡೆದರು. ಕಾಗದಪತ್ರಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಸಂಬಳದಲ್ಲಿ. 18ನೆಯ ಶತಮಾನದ ಮಧ್ಯಭಾಗದಲ್ಲಿಯೂ ಹೊಸದಾಗಿ ಸೇರಿದ 'ರೈಟರ್' ಎಂಬ ಗುಮಾಸ್ತನಿಗೆ ವರ್ಷಕ್ಕೆ 5 ಪೌಂಡು. 'ಫ್ಯಾಕ್ಟರ್' ಆದವನಿಗೆ 15 ಪೌಂಡು. ಹಿರಿಯ ವರ್ತಕನ ಪದವಿಗೆ ಏರಿದವನಿಗೆ 40 ಪೌಂಡು. 1744ರಲ್ಲಿ ಮದ್ರಾಸಿಗೆ ಬಂದ ರಾಬರ್ಟ್ ಕ್ಲೈವನೂ ಈ 5 ಪೌಂಡಿನ ಗುಮಾಸ್ತನೇ. ವಸತಿ, ಊಟಗಳ ಏರ್ಪಾಡು ಕೋಠಿಯದಾಗಿದ್ದರೂ, ಪ್ರಾಣವನ್ನು ಪಣವಿಟ್ಟು ಕಡಲು ದಾಟಿ ಬಂದವನು ಇಷ್ಟು ಹಣಕ್ಕೆ ತೃಪ್ತನಾಗಿರುವನೆಂದು ಲಂಡನ್ನಿನ ಯಾವ ನಿರ್ದೇಶಕನೂ ನಂಬಿರಲಾರನು.

ಹಾಗಾದರೆ ನೌಕರನ ಜೀವನ ನಡೆದದ್ದು ಹೇಗೆ? ಖಾಸಗಿ ವ್ಯಾಪಾರದಿಂದ. ಕಂಪನಿ ಮೊದಲು ಇದನ್ನು ನಿಷೇಧಿಸಿತು. ಬಳಿಕ, 17ನೆಯ ಶತಮಾನದ ಉತ್ತರಾರ್ಧದಲ್ಲಿ, ಯೂರೋಪಿನೊಡನೆ ನಡೆಯುವ ವ್ಯಾಪಾರವನ್ನು ತನಗಿರಿಸಿಕೊಂಡು, ಏಷ್ಯಾದ ರೇವುಗಳ ನಡುವಣ ವ್ಯಾಪಾರವನ್ನು ನೌಕರರಿಗೆ ಬಿಟ್ಟುಕೊಟ್ಟಿತು. ತಾನು ಕೊಡಬೇಕಾದ ವೇತನವನ್ನು ಪರನಾಡಿನ ಪೇಟೆಯಿಂದ ವಸೂಲು ಮಾಡಿಕೊಳ್ಳಲು ಅನುಮತಿಯಿತ್ತಿತೆಂದೇ ಇದರ ಅರ್ಥ.

ಈ ಕಥೆಯಲ್ಲಿ ನಮ್ಮ ಸಮಾಜದವರೂ ಇದ್ದಾರೆಂಬುದನ್ನು ಮರೆಮಾಚಲಾಗದು. ಸೂರತ್ತಿನ ಜೈನ ಶ್ರೇಷ್ಠಿ ವೀರಜೀ ವೋರಾ 17ನೆಯ ಶತಮಾನದಲ್ಲಿ ಕಂಪನಿಗೆ ದೊಡ್ಡ ಮೊತ್ತಗಳನ್ನು ಸಾಲವಾಗಿ ಕೊಟ್ಟವನು. ಕಂಪನಿಯ ನೌಕರರು ತಮ್ಮ ಸ್ವಂತ ವ್ಯಾಪಾರಕ್ಕೂ ಅವನಿಂದಲೇ ಸಾಲವೆತ್ತಿದರು. ಲಂಡನ್ನಿನ ಒಡೆಯರು ಇದನ್ನು ಆಕ್ಷೇಪಿಸಿದರು. ಆಕ್ಷೇಪಿಸಿದರೇ ಹೊರತು ಸಂಬಳವನ್ನು ಹೆಚ್ಚಿಸಲಿಲ್ಲ.

ಬಂಗಾಳದಲ್ಲಿ ಈ ಬೀಜ ವಿಷವೃಕ್ಷವಾಯಿತು. 1717ರಲ್ಲಿ ಫರುಕ್‌ಸಿಯರ್ ಬಾದಶಹನು ವರ್ಷಕ್ಕೆ 3,000 ರೂಪಾಯಿ ಪಡೆದು ಕಂಪನಿಯ ಸರಕಿಗೆ ಸುಂಕದ ವಿನಾಯಿತಿ ನೀಡಿದನು. ವಿನಾಯಿತಿಗೆ ಗುರುತಾದ 'ದಸ್ತಕ್' ಎಂಬ ರಹದಾರಿಯನ್ನು ನೌಕರರು ತಮ್ಮ ಸ್ವಂತ ಸರಕಿಗೂ ಬಳಸಿದರು; ಇತರ ವರ್ತಕರಿಗೆ ಮಾರಿಕೊಂಡದ್ದೂ ಉಂಟು. 1757ರ ಪ್ಲಾಸಿ ಯುದ್ಧದ ಅನಂತರ ಉಪ್ಪು, ಅಡಿಕೆ, ಹೊಗೆಸೊಪ್ಪುಗಳ ಒಳನಾಡಿನ ವ್ಯಾಪಾರಕ್ಕೂ ಅವರು ಕೈಹಾಕಿದರು. ದೇಶೀಯ ವರ್ತಕನು ಸುಂಕ ಕೊಡುತ್ತಿದ್ದ ದಾರಿಯಲ್ಲಿ ಕಂಪನಿಯ ಗುಮಾಸ್ತನ ದೋಣಿ ಸುಂಕವಿಲ್ಲದೆ ಸಾಗಿತು. ನಿರ್ದೇಶಕನು ನೌಕರನನ್ನು ಹಿಂಡಿದನು. ನೌಕರನು ದೇಶೀಯ ಗುಮಾಸ್ತನನ್ನು ಮುಂದೆ ಬಿಟ್ಟನು. ಗುಮಾಸ್ತನು ರೈತನನ್ನೂ ನೇಯ್ಗೆಯವನನ್ನೂ ಹಿಂಡಿದನು. ಬಾಧೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು.

ನವಾಬ ಮೀರ್ ಕಾಸಿಮನು ದೂರಿತ್ತಾಗ, ನೌಕರರ ಖಾಸಗಿ ಸರಕಿಗೆ ನೂರಕ್ಕೆ 9ರಂತೆ ಸುಂಕವೆಂದು ಗವರ್ನರ್ ವ್ಯಾನ್ಸಿಟಾರ್ಟ್ 1762ರ ಕೊನೆಯಲ್ಲಿ ಒಪ್ಪಿಬಂದನು. ಆ ಖಾಸಗಿ ವ್ಯಾಪಾರದಿಂದಲೇ ಬದುಕುತ್ತಿದ್ದ ಕಲ್ಕತ್ತೆಯ ಕೌನ್ಸಿಲಿನ ಸದಸ್ಯರು ಅದನ್ನು ತಳ್ಳಿಹಾಕಿದರು. ನವಾಬನು 1763ರಲ್ಲಿ ಎಲ್ಲರಿಗೂ ಒಳನಾಡಿನ ಸುಂಕವನ್ನು ತೆಗೆದುಬಿಟ್ಟನು, ಯುದ್ಧವಾಯಿತು. ಪ್ಲಾಸಿಯ ಒಳಸಂಚಿನಲ್ಲಿ ಕಂಪನಿಯ ಪಕ್ಷ ವಹಿಸಿದ್ದ ಓಸವಾಲ ಜೈನ ಮನೆತನದ ಜಗತ್‌ಸೇಠ್ ಮಹತಾಬ್ ರಾಯ್ ಮತ್ತು ಅವನ ಬಂಧು ಸ್ವರೂಪಚಂದ್ ಅದೇ ವರ್ಷ ಮೀರ್ ಕಾಸಿಮನಿಂದ ಹತರಾದರು. 1764ರ ಬಕ್ಸಾರ್ ಯುದ್ಧದೊಂದಿಗೆ ನವಾಬನ ಕಥೆಯೂ ಮುಗಿಯಿತು.

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಒಂದು. ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಬೆಲೆಬಾಳುವ ವಸ್ತು ಅಗ್ಗಕ್ಕೆ ದೊರೆಯುವುದೆಂದು, ಉಚಿತ ನ್ಯಾಯವನ್ನು ಮೀರಿ ಕೊಡುಕೊಳ್ಳುವ ಪ್ರಯತ್ನವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತಾರೆ. ಸಮಂತಭದ್ರಾಚಾರ್ಯರು ರಾಜಾಜ್ಞೆಯ ಉಲ್ಲಂಘನೆಯನ್ನು ವಿಲೋಪವೆಂದು ಕರೆದಿದ್ದಾರೆ. ಬಂಗಾಳದಲ್ಲಿ ನಡೆದದ್ದಕ್ಕೆ ಇದಕ್ಕಿಂತ ಸರಿಯಾದ ಹೆಸರನ್ನು ಯಾವ ಇತಿಹಾಸಕಾರನೂ ಕೊಟ್ಟಂತಿಲ್ಲ.

ಪರಿಹಾರಗಳು ಹೇಗೆ ಬಂದವೆಂಬುದೂ ಬೋಧಪ್ರದ. 1765ರಲ್ಲಿ ಕ್ಲೈವನು ಕಾಣಿಕೆ ಸ್ವೀಕರಿಸುವುದಿಲ್ಲವೆಂದು ನೌಕರರಿಂದ ಹೊಸ ಕರಾರು ಬರೆಸಿದನು. ಸಂಬಳದ ಕೊರತೆಯನ್ನು ತುಂಬಲು ಉಪ್ಪಿನ ಏಕಸ್ವಾಮ್ಯದ ಲಾಭವನ್ನು ಹಿರಿಯ ನೌಕರರಿಗೆ ಹಂಚುವ ಸಂಘವನ್ನು ಕಟ್ಟಿದನು. ನೌಕರನ ವೇತನವನ್ನು ಬಡವನ ಉಪ್ಪಿನಿಂದ ತೆಗೆಯುವ ಈ ಏರ್ಪಾಡು 1768ರಲ್ಲಿ ಕೊನೆಗೊಂಡಿತು. 1773ರ ಶಾಸನವು ಗವರ್ನರ್ ಜನರಲ್‌ಗೆ ವರ್ಷಕ್ಕೆ 25,000 ಪೌಂಡು ನಿಗದಿಮಾಡಿ ವ್ಯಾಪಾರವನ್ನು ನಿಷೇಧಿಸಿತು. 1786ರಲ್ಲಿ ಬಂದ ಕಾರ್ನ್‌ವಾಲಿಸನು ರೋಗದ ಮೂಲ ಅಲ್ಪವೇತನವೆಂದು ಗುರುತಿಸಿ, ಕಲೆಕ್ಟರನಿಗೆ ತಿಂಗಳಿಗೆ 1,500 ರೂಪಾಯಿ ಸಂಬಳವನ್ನೂ ವಸೂಲಿಯ ಮೇಲೆ ಕಮಿಷನ್ನನ್ನೂ ಕೊಟ್ಟು ಖಾಸಗಿ ವ್ಯಾಪಾರವನ್ನು ನಿಲ್ಲಿಸಿದನು. ಆದರೆ ಈ ನ್ಯಾಯ ಆಂಗ್ಲರಿಗೆ ಮಾತ್ರ. ದೇಶೀಯರನ್ನು ಉನ್ನತ ಹುದ್ದೆಗಳಿಂದ ಹೊರಗಿಟ್ಟು, ಅಲ್ಪವೇತನದಲ್ಲೇ ಉಳಿಸಲಾಯಿತು. ಅವರಲ್ಲಿ ಲಂಚವೂ ಉಳಿಯಿತು.

ಇಂದಿನ ವರ್ತಕನಿಗೆ ಇದರಿಂದ ಸಿಗುವ ಮೊದಲ ಪಾಠ, ಸೇವಕನಿರುವ ನಾಡಿನ ಕಟ್ಟಳೆಯೇ ಸೇವೆಯ ಕಟ್ಟಳೆ ಎಂಬುದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2009ರಿಂದ ವೇತನರಕ್ಷಣಾ ವ್ಯವಸ್ಥೆ ಜಾರಿಗೆ ಬಂದು, ಸಂಬಳ ಬ್ಯಾಂಕಿನ ಮೂಲಕ ಸಂದಾಯವಾಗುವುದನ್ನು ಸರ್ಕಾರವೇ ಗಮನಿಸುತ್ತದೆ. ಅಲ್ಲಿಯ ಸಾಮಾನ್ಯ ಕಾರ್ಮಿಕ ಕಾನೂನಿನಂತೆ, ಒಂದು ವರ್ಷ ಪೂರೈಸಿದ ಪರದೇಶದ ನೌಕರನಿಗೆ ಸೇವೆ ಮುಗಿದಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ವರ್ಷಗಳಿಗೆ 30 ದಿನಗಳ ಮೂಲವೇತನವನ್ನು ಉಪದಾನವಾಗಿ ಕೊಡಬೇಕು. ಒಡೆಯನು ಬೇರೆ ದೇಶದವನೆಂಬ ಕಾರಣಕ್ಕೆ ಇಂತಹ ಹಕ್ಕುಗಳು ಲೋಪವಾಗಬಾರದು. ಅಲ್ಲಿ ಶಾಖೆ ತೆರೆಯಲಾರದವನು ಅಲ್ಲಿಯೇ ನೋಂದಾಯಿತವಾಗಿ ಕಾನೂನಿನ ದೃಷ್ಟಿಯಲ್ಲಿ ಒಡೆಯನ ಸ್ಥಾನದಲ್ಲಿ ನಿಲ್ಲುವ ಸಂಸ್ಥೆಯ ಮೂಲಕ ನೇಮಿಸಿಕೊಳ್ಳಬಹುದು. ಇದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಮಾರ್ಗ.

ಎರಡನೆಯದು ಹೆಸರಿನ ಕಪಟ. ಕೆಲಸದ ಹೊತ್ತು, ವಿಧಾನ, ಉಪಕರಣ ಎಲ್ಲವನ್ನೂ ತಾನೇ ಗೊತ್ತುಪಡಿಸಿ, ಬೇರೊಬ್ಬರಲ್ಲಿ ದುಡಿಯಕೂಡದೆಂದು ನಿರ್ಬಂಧಿಸಿ, ಕಾಗದದಲ್ಲಿ ಮಾತ್ರ ಅವನನ್ನು ಸ್ವತಂತ್ರ ಗುತ್ತಿಗೆದಾರನೆಂದು ಬರೆದು ಭವಿಷ್ಯನಿಧಿ, ರಜೆ, ಉಪದಾನಗಳನ್ನು ಉಳಿಸಿಕೊಳ್ಳುವುದು ಇಂದು ಬಹಳ ಕಡೆ ಕಾಣುವ ಪದ್ಧತಿ. ನ್ಯಾಯಾಲಯಗಳು ಹೆಸರನ್ನಲ್ಲ, ನಡೆಯನ್ನು ನೋಡುತ್ತವೆ. ಆಚಾರ್ಯರು ಕೃತಕ ವಸ್ತುವನ್ನು ಅಸಲಿಯೆಂದು ದಾಟಿಸುವುದನ್ನು ಪ್ರತಿರೂಪಕ ವ್ಯವಹಾರವೆಂದರು. ಒಂದು ಸಂಬಂಧವನ್ನು ಮತ್ತೊಂದೆಂದು ದಾಟಿಸುವುದೂ ಆ ಜಾತಿಯದೇ.

ಮೂರನೆಯದು ವೇತನದ ಪ್ರಮಾಣ ಮತ್ತು ಕಾಲ. ಆಶ್ರಿತರ ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರ. ಎರಡು ತಿಂಗಳ ಸಂಬಳ ತಡೆದ ಒಡೆಯನು ಕೈಯಲ್ಲಿ ಕೋಲು ಹಿಡಿಯದಿದ್ದರೂ ಈ ದೋಷಕ್ಕೆ ಹೊರಗಲ್ಲ. ನಾಣ್ಯದ ವಿನಿಮಯದಲ್ಲಾಗುವ ನಷ್ಟವನ್ನೂ ಸೇವಕನ ಮೇಲೆ ಹಾಕದೆ ತಾನೇ ಹೊರುವುದು ಉಚಿತ.

ಕಾನೂನು ಪಾಲಿಸಿದರೆ ದಂಡ ತಪ್ಪುತ್ತದೆ. ಕಂಪನಿಯ ಕರಾರುಪತ್ರಗಳೂ ಕಾನೂನುಬದ್ಧವಾಗಿದ್ದವು. 5 ಪೌಂಡಿನ ಸಂಬಳವೂ ಕರಾರಿನಂತೆಯೇ ಇತ್ತು. ಧರ್ಮದ ಪ್ರಶ್ನೆ ಬೇರೆ: ನಾನು ಕೊಡುವ ಹಣದಿಂದ ಈ ಮನುಷ್ಯ ಕದಿಯದೆ ಬದುಕಬಲ್ಲನೇ? ಇಲ್ಲವೆಂದಾದರೆ ಅವನ ಕಳವಿನಲ್ಲಿ ಕಾರಿತದ ಪಾಲು ಒಡೆಯನದು. ವೀರನಿರ್ವಾಣದ ದೀಪಾವಳಿಯಂದು ಹೊಸ ಖಾತೆಪುಸ್ತಕಕ್ಕೆ ಪೂಜೆ ಸಲ್ಲಿಸುವ ನಾವು, ಹಳೆಯ ಪುಸ್ತಕವನ್ನು ಮುಚ್ಚುವ ಮೊದಲು ಕಣ್ಣಿಗೆ ಕಾಣದ ಸೇವಕನ ಬಾಕಿಯನ್ನು ಒಮ್ಮೆ ತೆಗೆದುನೋಡುವುದು ಲೇಸು.